ಸೇತುವೆಯೂ ಏಳು ಗುಂಟೆ ನೆಲವೂ

ಮನುಷ್ಯನು ಮನೆಯನ್ನು ತನ್ನ ಸಲುವಾಗಿ ಕಟ್ಟುತ್ತಾನೆ. ಗುಡಿಯನ್ನು ದೇವರ ಸಲುವಾಗಿ, ಕೋಟೆಯನ್ನು ವೈರಿಯ ಭಯದಿಂದ ಕಟ್ಟುತ್ತಾನೆ. ಸೇತುವೆಯನ್ನು ಮಾತ್ರ ಅವನು ಕಂಡರಿಯದ ದಾರಿಹೋಕನ ಸಲುವಾಗಿ ಕಟ್ಟಬೇಕಾಗುವದು. ದಾಟಿ ಹೋಗುವವನು ಕಟ್ಟಿದವನನ್ನು ನೆನೆಯುವದಿಲ್ಲ. ಕಾಲಕೆಳಗಿನ ನೀರನ್ನೂ ಅವನು ಅನೇಕ ವೇಳೆ ನೋಡುವದಿಲ್ಲ. ಇಂಥದೊಂದು ಚಿಕ್ಕ ಸೇತುವೆಯನ್ನೂ ಅದರ ಸಂಬಂಧವಾಗಿ ನನ್ನ ಮೇಲಿರುವ ಒಂದು ಹಳೆಯ ಬಾಕಿಯನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹು ದಿನಗಳಿಂದ ಎಣಿಸಿದ್ದೆನು. ವಾಚಕರು ಇದನ್ನು ಉಪದೇಶವೆಂದು ತಿಳಿಯದೆ ಒಬ್ಬ ಮುದಿ ಮಾಸ್ತರನ ಜಮಾಖರ್ಚೆಂದು ಓದಬೇಕೆಂದು ಬೇಡಿಕೊಳ್ಳುವೆನು.

ನಮ್ಮೂರು ಕಾಖಂಡಕಿ. 17ನೆಯ ಶತಮಾನದ ಮಹಿಪತಿದಾಸರಿಂದಾಗಿ ಹರಿದಾಸರ ಪರಂಪರೆಯನ್ನು ಬಲ್ಲವರಿಗೆಲ್ಲ ಈ ಊರಿನ ಹೆಸರು ಪರಿಚಿತವಾದುದು. ಅವರು ಆದಿಲಶಾಹಿಯ ದರಬಾರಿನಲ್ಲಿ ಅಧಿಕಾರದಲ್ಲಿದ್ದು, ಅದೆಲ್ಲವನ್ನೂ ಬಿಟ್ಟುಕೊಟ್ಟು ಬಂದವರೆಂಬ ಕಥೆಯನ್ನು ನಾವು ತೊಟ್ಟಿಲಲ್ಲಿರುವಾಗಲೇ ಕೇಳಿರುವೆವು. ಬಿಡುವದರ ಮಹಿಮೆಯನ್ನು ಕೇಳುತ್ತ ಬೆಳೆದ ಊರಿನವನು ಎಷ್ಟರ ಮಟ್ಟಿಗೆ ಬಿಡಬಲ್ಲನೆಂಬುದು ಮುಂದೆ ತಿಳಿದುಬರುವದು.

ಈ ಸೀಮೆಯ ನದಿ ಡೋಣಿ. ಅದು ಮಹಾರಾಷ್ಟ್ರದ ಜತ್ತದ ಕಡೆಗೆ ಹುಟ್ಟಿ, ನಮ್ಮ ಜಿಲ್ಲೆಯನ್ನು ಪಡುವಣದಿಂದ ಮೂಡಣಕ್ಕೆ ಸೀಳಿಕೊಂಡು ಹೋಗಿ ಕೃಷ್ಣೆಯನ್ನು ಸೇರುವದು. ವರ್ಷದ ಬಹುಭಾಗ ಅದರಲ್ಲಿ ಅಲ್ಲಲ್ಲಿ ನಿಂತ ಮಡುಗಳು ಮಾತ್ರ. ಆ ನೀರೂ ಉಪ್ಪು. ಆದರೆ ಅದರ ದಂಡೆಯ ಎರೆಯ ಭೂಮಿಯು ಬೆಳೆಯುವ ಬಿಳಿಜೋಳಕ್ಕೆ ಸಮಾನವಾದುದು ಬೇರೆಡೆಯಲ್ಲಿ ದುರ್ಲಭ. ಡೋಣಿ ತುಂಬಿದರೆ ಓಣಿ ತುಂಬೀತೆಂದು ಹಿರಿಯರು ಹೇಳುವದು ಸುಮ್ಮನಲ್ಲ. ಹೂಳು ತುಂಬಿ ಪಾತ್ರವು ಎತ್ತರವಾದುದರಿಂದ ದೊಡ್ಡ ಮಳೆಯಾದಾಗ ನೀರು ದಂಡೆ ಮೀರಿ ಹೊಲಗಳ ಮೇಲೆಲ್ಲ ಹರಡಿಕೊಳ್ಳುವದು. ಆಗ ಸಾರವಾಡದ ಹತ್ತಿರ ವಿಜಾಪುರದ ದಾರಿಯೂ, ತಾಳಿಕೋಟೆಯ ಹತ್ತಿರ ಹಡಗಿನಾಳದ ದಾರಿಯೂ ಜನರ ಬಾಯಲ್ಲಿ ಬರುವವು. ಡೋಣಿಯ ಮಾತು ಹೀಗಾದರೆ ಅದನ್ನು ಸೇರುವ ಹಳ್ಳಗಳ ಮಾತು ಇನ್ನೂ ವಿಚಿತ್ರ. ಬೆಳಿಗ್ಗೆ ಕುರಿಯ ಕಾಲು ತೋಯದ ಹಳ್ಳವು ಮಧ್ಯಾಹ್ನ ಎತ್ತನ್ನು ಉರುಳಿಸಿಕೊಂಡು ಹೋಗುವದು. ಮರುದಿನ ಅಲ್ಲಿ ಹುಡುಗರು ಗೋಲಿಯಾಡುವರು.

ಈ ಸ್ವಭಾವದಿಂದಲೇ ನಮ್ಮ ಕಡೆಗೆ ಕೆಳಮಟ್ಟದ ಸೇತುವೆಗಳು ಹೆಚ್ಚು. ವರ್ಷದಲ್ಲಿ ಕೆಲವೇ ದಿನ ತುಂಬುವ ಪ್ರವಾಹಕ್ಕೆ ಎತ್ತರವಾದ ಸೇತುವೆಯನ್ನು ಕಟ್ಟಿದರೆ ಖರ್ಚು ಬಹಳ. ನೀರು ಮೇಲೆ ಹರಿದು ಹೋಗುವಂತೆ ತಗ್ಗಾಗಿ ಕಟ್ಟಿದರೆ ಖರ್ಚು ಕಡಿಮೆ, ದಾರಿಯು ನಾಲ್ಕಾರು ದಿನ ನಿಲ್ಲುವದಷ್ಟೆ. ಲೆಕ್ಕಕ್ಕೆ ಇದು ಸರಿಯೇ. ಆದರೆ ಆ ನಾಲ್ಕಾರು ದಿನಗಳು ಯಾರ ಬಾಳಿನ ಯಾವ ದಿನಗಳೆಂಬುದನ್ನು ಯಾವ ಅಂದಾಜುಪತ್ರಿಕೆಯಲ್ಲಿಯೂ ಬರೆಯಲಿಕ್ಕೆ ಬರುವದಿಲ್ಲ.

ಸೇತುವೆಯನ್ನು ಯಾರು ಕಟ್ಟಿಸಬೇಕೆಂಬ ಪ್ರಶ್ನೆಗೆ ನಮ್ಮ ನಾಡು ಹಲವು ಕಾಲದಲ್ಲಿ ಹಲವು ಉತ್ತರಗಳನ್ನು ಕೊಟ್ಟಿದೆ. ಹಂಪೆಯಲ್ಲಿ ತುಂಗಭದ್ರೆಯ ನಡುವೆ ಇಂದಿಗೂ ನಿಂತಿರುವ ಕಲ್ಲುಕಂಬಗಳು ವಿಜಯನಗರದ ಅರಸರ ಕಾಲದ ಸೇತುವೆಯ ಅವಶೇಷಗಳು. ಶ್ರೀರಂಗಪಟ್ಟಣದಲ್ಲಿ ದಿವಾನ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದರು. ಶಿವನಸಮುದ್ರದಲ್ಲಿ ಜಹಗೀರದಾರ ರಾಮಸ್ವಾಮಿ ಮೊದಲಿಯಾರರು 1830ರ ಸುಮಾರಿಗೆ ಅದೇ ಕೆಲಸವನ್ನು ಮಾಡಿದರು. ಇವೆಲ್ಲ ಪ್ರಭುಗಳ, ಧನಿಕರ ಕಾರ್ಯಗಳು. ಇಷ್ಟಾಪೂರ್ತಗಳೆಂದು ಶಾಸ್ತ್ರವು ಹೇಳುವ ಎರಡು ಪುಣ್ಯಗಳಲ್ಲಿ ಪೂರ್ತದ ಸಾಲಿಗೆ ಸೇರತಕ್ಕವು. 1854-55ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲಕ್ಕೆ ಲೋಕೋಪಯೋಗಿ ಇಲಾಖೆಯು ಹುಟ್ಟಿತು. ಅಲ್ಲಿಯವರೆಗೆ ಇಂಥ ಕೆಲಸಗಳು ಸೈನ್ಯದ ಮಂಡಳಿಯ ಕೈಯಲ್ಲಿದ್ದವು. 1868ರಲ್ಲಿ ಹರಿಹರ ಪಟ್ಟಣದ ಹತ್ತಿರ ತುಂಗಭದ್ರೆಗೆ 14 ಕಮಾನುಗಳ ಸೇತುವೆಯಾಗಿ, ಬೆಂಗಳೂರು-ಧಾರವಾಡಗಳ ಹೆದ್ದಾರಿಯು ಹೊಳೆಯ ಹಂಗಿನಿಂದ ಬಿಡುಗಡೆ ಹೊಂದಿತು. ಮುಂದೆ 1927ರಲ್ಲಿ ಜಯಕರರ ಅಧ್ಯಕ್ಷತೆಯ ಸಮಿತಿಯು ಕುಳಿತು, ಅದರ ಸೂಚನೆಯಂತೆ 1929ರಿಂದ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚಿನ ಕರವನ್ನು ಕೂಡಿಸಿ ರಸ್ತೆಯ ನಿಧಿಯೊಂದನ್ನು ಮಾಡಿದರು. ಹೀಗೆ ಅರಸನ ಬೊಕ್ಕಸದಿಂದ ಹೊರಟ ಪೂರ್ತವು ಪ್ರಜೆಯ ಕಿಸೆಗೆ ಬಂದು ನಿಂತಿತು. ಇಂದು ಸಂತೆಗೆ ಉಳ್ಳಾಗಡ್ಡಿಯ ಚೀಲವನ್ನು ಒಯ್ಯುವ ಬಡ ರೈತನೂ ಟೆಂಪೋದ ಬಾಡಿಗೆಯಲ್ಲಿ ಯಾವದೋ ಊರಿನ ಸೇತುವೆಗೆ ತನ್ನ ಪಾಲನ್ನು ಸಲ್ಲಿಸುತ್ತಿರುವನು. ಸರಕಾರದ ಹಣವೆಂದರೆ ಯಾರದೂ ಅಲ್ಲದ ಹಣವೆಂದು ಆಡುವವರು ಇದನ್ನು ಎಣಿಸಬೇಕು.

ಇನ್ನು ನನ್ನ ಕಥೆ. ಊರಿಗೆ ಸ್ವಲ್ಪ ದೂರದಲ್ಲಿ ನಮ್ಮ ಮನೆತನದ ಹೊಲವಿದೆ. ಅದರ ಮಗ್ಗುಲಿಗೆ ಇಂಥದೇ ಒಂದು ಹಳ್ಳವು ಹರಿಯುವದು. ಹಳ್ಳದ ಆಚೆಗೆ ಹದಿನೆಂಟು-ಇಪ್ಪತ್ತು ಮನೆಗಳ ತೋಟದ ವಸ್ತಿ. ಅಲ್ಲಿಯ ಮಕ್ಕಳು ಹಳ್ಳ ದಾಟಿಯೇ ಸಾಲಿಗೆ ಬರಬೇಕು. ನಾನು ಕನ್ನಡ-ಸಂಸ್ಕೃತಗಳ ಮಾಸ್ತರನಾಗಿ ಸೇರಿದ ಮೊದಲ ವರ್ಷವೇ ಹಾಜರಿಯ ಪುಸ್ತಕದಲ್ಲಿ ಆಷಾಢ-ಭಾದ್ರಪದಗಳ ತಿಂಗಳಲ್ಲಿ ಆ ವಸ್ತಿಯ ಹುಡುಗರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಲ್ಲುವದನ್ನು ಕಂಡೆನು. ಅಂದಿನಿಂದ ವರ್ಷಕ್ಕೊಂದಾದರೂ ಅರ್ಜಿಯನ್ನು ಬರೆದೆನು. ಕೆಳಗೆ ವಸ್ತಿಯ ಜನರ ಸಹಿ, ಹೆಬ್ಬೆಟ್ಟು. ಮೇಲೆ ನನ್ನ ಅಕ್ಷರ. ನನ್ನ ಅಕ್ಷರವು ದುಂಡಗಾಗಿರುವದೆಂದೂ, ನಾನು ಬರೆದ ಅರ್ಜಿಯನ್ನು ಓದಿದರೆ ಸಾಹೇಬರ ಕಣ್ಣಲ್ಲಿಯೂ ನೀರು ಬಂದೀತೆಂದೂ ಜನರು ಹೊಗಳುತ್ತಿದ್ದರು. ಆ ಹೊಗಳಿಕೆಯು ನನಗೆ ರುಚಿಸುತ್ತಿತ್ತೆಂಬುದನ್ನು ಮುಚ್ಚಿಡಲಾರೆನು.

ಇಪ್ಪತ್ತಕ್ಕೂ ಮಿಕ್ಕಿ ವರ್ಷಗಳಾದ ಮೇಲೆ 2009ರ ಸೆಪ್ಟೆಂಬರದ ಕೊನೆಗೆ ಉತ್ತರ ಕರ್ನಾಟಕವನ್ನೆಲ್ಲ ನಡುಗಿಸಿದ ಆ ಮಹಾಪ್ರವಾಹವು ಬಂದಿತು. ಅದರ ತರುವಾಯ ಹಲವೆಡೆಗೆ ದಾರಿ-ಸೇತುವೆಗಳ ಕೆಲಸಕ್ಕೆ ಹಣ ಮಂಜೂರಾಯಿತು. ಅದರಲ್ಲಿ ನಮ್ಮ ಹಳ್ಳವೂ ಸೇರಿತು. ವಸ್ತಿಯವರು ಸಕ್ಕರೆ ಹಂಚಿದರು. ಒಬ್ಬ ತರುಣ ಎಂಜಿನಿಯರನು ಅಳತೆಗಾರರನ್ನು ಕರೆದುಕೊಂಡು ಬಂದು, ಮೂರು ದಿನ ದಂಡೆಗುಂಟ ಅಡ್ಡಾಡಿ, ಕೊನೆಗೆ ಒಂದು ಕಡೆಗೆ ಗೂಟ ಬಡಿಸಿದನು. ಆ ಗೂಟವು ನಮ್ಮ ಹೊಲದಲ್ಲಿತ್ತು. ಸೇತುವೆಗೆ ಕೂಡುವ ದಾರಿಗಾಗಿ ಏಳು ಗುಂಟೆ ನೆಲ ಬೇಕಾಗಿತ್ತು.

ನಾನು ಅವನಿಗೆ ಮೂವತ್ತು ಮಾರು ಮೇಲಕ್ಕೆ ಸರಿಸಬಾರದೇಕೆಂದು ಕೇಳಿದೆನು. ಅವನು ಬಹು ಮರ್ಯಾದೆಯಿಂದಲೇ ತಿಳಿಯಹೇಳಿದನು. ಸೇತುವೆಯನ್ನು ಹಳ್ಳವು ನೆಟ್ಟಗೆ ಹರಿಯುವಲ್ಲಿ ಕಟ್ಟಬೇಕು. ತಿರುವಿನಲ್ಲಿ ಕಟ್ಟಿದರೆ ನೀರು ಒಂದೇ ಮಗ್ಗುಲನ್ನು ಕೊರೆಯುವದು. ಪಾತ್ರವು ಇಕ್ಕಟ್ಟಾಗಿರಬೇಕು, ದಂಡೆಯು ಗಟ್ಟಿಯಾಗಿರಬೇಕು. ಎರೆಯ ಮಣ್ಣು ತೋಯ್ದರೆ ಉಬ್ಬುವದು, ಒಣಗಿದರೆ ಕೈ ಹೋಗುವಷ್ಟು ಬಿರಿಯುವದು. ಅದರ ಮೇಲೆ ಯಾವ ಭಾರವನ್ನೂ ನಿಲ್ಲಿಸಲಾಗದು. ಇಲ್ಲಿ ಹತ್ತು-ಹನ್ನೆರಡು ಅಡಿ ಅಗಿದರೆ ಗಟ್ಟಿ ಗರಸು ಸಿಕ್ಕುವದು. ಮೇಲೆ ಮೂವತ್ತು ಅಡಿಯಾದರೂ ಎರೆಯೇ. "ಹಳ್ಳನ ಜಾಗಾ ತೋರಿಸೇದರಿ ಸರ್, ನಾ ಅಲ್ಲ," ಎಂದನು.

ಆ ಏಳು ಗುಂಟೆಯಲ್ಲಿ ನನ್ನ ತಂದೆಯವರು ನೆಟ್ಟ ಬೇವಿನ ಗಿಡವಿತ್ತು. ಅದರ ನೆಳಲಲ್ಲಿ ಅವರು ನನಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ್ದರು. ಆ ಗಿಡವನ್ನು ಕಡಿಯಗೊಡಲಾರೆನೆಂದು ನಾನು ಹೇಳಿದೆನು. ಕೇಳಿದವರು ಪಿತೃಭಕ್ತಿಯೆಂದು ತಲೆದೂಗಿದರು. ಇಂದು ಹೊಟ್ಟೆಯೊಳಗಿನ ಮಾತನ್ನು ಹೇಳುವೆನು: ಗಿಡವು ಕಾರಣಗಳಲ್ಲಿ ಒಂದು, ನೆಪಗಳಲ್ಲಿ ಮೊದಲನೆಯದು. ಮಗ್ಗುಲ ಹೊಲದವನ ನೆಲವು ಉಳಿದು ನನ್ನದೇ ಏಕೆ ಹೋಗಬೇಕೆಂಬ ಉರಿಯು ಅದಕ್ಕಿಂತ ದೊಡ್ಡದಾಗಿತ್ತು. ಅವನಿಗೂ ನಮಗೂ ಬದುವಿನ ತಂಟೆಯು ನನ್ನ ಅಜ್ಜನ ಕಾಲದಿಂದ ನಡೆದು ಬಂದಿತ್ತು. ಪರಿಹಾರದ ದರವೂ ನನಗೆ ಒಪ್ಪಿಗೆಯಾಗಲಿಲ್ಲ. ಆಗ 1894ರ ಭೂಸ್ವಾಧೀನದ ಕಾಯಿದೆಯೇ ನಡೆಯುತ್ತಿತ್ತು; 2013ರ ಹೊಸ ಕಾಯಿದೆ ಇನ್ನೂ ಬಂದಿರಲಿಲ್ಲ. ಚಿಕ್ಕ ಕೆಲಸಕ್ಕಾಗಿ ಕಾಯಿದೆಯ ದೊಡ್ಡ ಸುತ್ತನ್ನು ಹಿಡಿಯದೆ ಒಪ್ಪಿಗೆಯ ಪತ್ರದಿಂದ ನೆಲವನ್ನು ಪಡೆಯಬೇಕೆಂದು ಅಧಿಕಾರಿಗಳ ಆಶೆ. ನಾನು ಒಪ್ಪಿಗೆಯ ಬದಲು ತಕರಾರಿನ ಅರ್ಜಿಯನ್ನು ಬರೆದೆನು. ಅದೇ ದುಂಡು ಅಕ್ಷರ, ಅದೇ ಸೊಗಸಾದ ಭಾಷೆ. ಸೇತುವೆ ಬೇಕೆಂದು ಇಪ್ಪತ್ತು ಸಲ ಬರೆದ ಲೇಖನಿಯೇ ಇಪ್ಪತ್ತೊಂದನೆಯ ಸಲ ಇಲ್ಲಿ ಬೇಡವೆಂದು ಬರೆಯಿತು.

ಸರಕಾರದ ಹಣಕ್ಕೆ ಒಂದು ಧರ್ಮವಿದೆ. ಶಾಸನಸಭೆಯು ಅದನ್ನು ವರ್ಷದ ಮಟ್ಟಿಗೆ ಮಾತ್ರ ಮಂಜೂರು ಮಾಡುವದು. ಮಾರ್ಚ್ 31ರೊಳಗೆ ವೆಚ್ಚವಾಗದಿದ್ದರೆ ಅದು ಮರಳಿ ಬೊಕ್ಕಸಕ್ಕೆ ಹೋಗುವದು. ಪ್ರಜೆಗಳ ಹಣವನ್ನು ಅವರ ಪ್ರತಿನಿಧಿಗಳನ್ನು ವರ್ಷವರ್ಷಕ್ಕೂ ಕೇಳಿಯೇ ವೆಚ್ಚ ಮಾಡಬೇಕೆಂಬ ಒಳ್ಳೆಯ ತತ್ತ್ವವೇ ಇದರ ಹಿಂದಿರುವದು. ನನ್ನ ತಕರಾರಿನ ಕಾಗದವು ಒಂದು ಮೇಜಿನಿಂದ ಮತ್ತೊಂದಕ್ಕೆ ಹೋಗುವಷ್ಟರಲ್ಲಿ 2010ರ ಮಾರ್ಚ್ ಮುಗಿಯಿತು. ಹಣ ಮರಳಿ ಹೋಯಿತು. ಮುಂದಿನ ವರ್ಷ ನೋಡೋಣವೆಂದರು. ಒಂದು ವರ್ಷವೇನು ಮಹಾ ಎಂದು ನಾನೂ ಅಂದುಕೊಂಡೆನು.

ವಸ್ತಿಯಿಂದ ಬರುವ ಮಕ್ಕಳಲ್ಲಿ ಒಬ್ಬ ಹುಡುಗಿಯಿದ್ದಳು. ನಾನು ಎಂಟನೆಯ ಇಯತ್ತೆಯವರಿಗೆ ರಾಮಾಯಣದ ಕಥೆಯನ್ನು ಹೇಳುವಾಗ ಒಂದು ಲೆಕ್ಕವನ್ನು ಕೊಡುವದು ವಾಡಿಕೆಯಾಗಿತ್ತು. ವಾಲ್ಮೀಕಿಗಳು ಹೇಳುವಂತೆ ನಳನು ಸೇತುವೆಯನ್ನು ಐದು ದಿನಗಳಲ್ಲಿ ಕಟ್ಟಿದನು: ಮೊದಲ ದಿನ 14 ಯೋಜನ, ಮುಂದೆ 20, 21, 22, 23. ಒಟ್ಟು ಎಷ್ಟು? ಆ ವರ್ಷ ಪಾಟಿಯ ಮೇಲೆ ಬಳಪವನ್ನಿಡುವ ಮೊದಲೇ "ನೂರರೀ" ಎಂದವಳು ಈ ಹುಡುಗಿ. ಆದರೆ ಹತ್ತನೆಯ ಇಯತ್ತೆಯ ಬೀಜಗಣಿತವು ಅವಳಿಗೆ ಒಲಿಯಲಿಲ್ಲ. 2010ರ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿ ಅವಳು ಉಳಿದಳು. ಜೂನಿನ ಪೂರಕ ಪರೀಕ್ಷೆಗೆ ಅವಳ ತಂದೆಯಿಂದ ಫೀ ತುಂಬಿಸಿದವನು ನಾನೇ. ಪಾಸಾದರೆ ಮುಂದೆ ಕಲಿಸುವೆನು, ಇಲ್ಲವಾದರೆ ಬಂದ ಸಂಬಂಧವನ್ನು ಮಾಡಿಬಿಡುವೆನೆಂದು ಅವನು ಅಂದಿದ್ದನು.

ಪರೀಕ್ಷೆಯ ಹಿಂದಿನ ರಾತ್ರಿ ಮೇಲುಗಡೆಗೆ ಗುಡುಗು-ಮಿಂಚಿನ ಮಳೆಯಾಯಿತು. ಬೆಳಿಗ್ಗೆ ಹಳ್ಳವು ಎರಡೂ ದಂಡೆಯನ್ನು ಹಿಡಿದು ಹರಿಯುತ್ತಿತ್ತು. ನಾನು ಕೊಡೆ ಹಿಡಿದು ಹೊಲದ ಕಡೆಗೆ ಹೋದೆನು. ಆಚೆಯ ದಂಡೆಯ ಮೇಲೆ ಅವಳು, ಅವಳ ತಂದೆ. ಅವಳ ಕೈಯಲ್ಲಿ ಕಂಪಾಸ ಪೆಟ್ಟಿಗೆ. ನೀರಿನ ಸಪ್ಪಳದಲ್ಲಿ ಅವರ ಕೂಗು ನನಗೆ ಕೇಳಿಸಲಿಲ್ಲ. ನನ್ನದೂ ಅವರಿಗೆ ಕೇಳಿಸಲಿಲ್ಲ. ತಂದೆಯು ಒಂದು ಸಲ ಸೊಂಟದ ಮಟ ಇಳಿದು, ಕಾಲು ಜಾರಿ, ಹಿಂದಕ್ಕೆ ಹತ್ತಿದನು. ಒಂಬತ್ತು ಹೊಡೆಯಿತು, ಹತ್ತು ಹೊಡೆಯಿತು. ಪರೀಕ್ಷೆಯ ಹೊತ್ತು ಮೀರಿದ ಮೇಲೆ ಅವರು ತಿರುಗಿ ಹೋದರು. ಸಂಜೆಗೆ ನೀರು ಮೊಳಕಾಲಿಗೆ ಇಳಿದಿತ್ತು. ಕಾರ್ತಿಕದ ಮೇಲೆ ಅವಳ ಮದುವೆಯಾಯಿತು. ಅಕ್ಷತೆ ಹಾಕಲು ನಾನೂ ಹೋಗಿದ್ದೆನು.

ಆ ದಿನ ನಾನು ನಿಂತುದು ಬೇವಿನ ಗಿಡದ ಕೆಳಗೆ. ನೆಳಲಿಗೆ ಉಪಯೋಗವಿಲ್ಲದ ದಿನವದು.

ಪಾಠಶಾಲೆಯಲ್ಲಿ ನಾನು ಧರ್ಮಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವನು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ಅಂದರೆ ನಮ್ಮ ನಾಡಿನವನೇ. ಅದೇ ಮಳೆಗಾಲದಲ್ಲಿ, ಮಗ್ಗುಲ ಹೊಲದವನ ಮೇಲಿನ ಬದುವಿನ ತಂಟೆಗೆ ಏನಾದರೂ ಆಧಾರ ಸಿಕ್ಕೀತೆಂದು ನಾನು ಆ ಗ್ರಂಥದ ಸೀಮಾವಿವಾದದ ಭಾಗವನ್ನು ತೆರೆದೆನು. ಅಲ್ಲಿ ಋಷಿಯು ಹೇಳುವ ನಿಯಮದ ತಾತ್ಪರ್ಯವಿದು: ಪರರ ನೆಲದಲ್ಲಿ ಕಟ್ಟುವ ಸೇತುವೂ ತೋಡುವ ಬಾವಿಯೂ ಅಲ್ಪ ಬಾಧೆಯನ್ನುಂಟುಮಾಡಿ ಬಹಳ ಕಲ್ಯಾಣವನ್ನುಂಟುಮಾಡುವದಾದರೆ ನೆಲದ ಒಡೆಯನು ಅದನ್ನು ತಡೆಯಲಾಗದು. ವಿದ್ಯಾರ್ಥಿದೆಶೆಯಲ್ಲಿ ಈ ಶ್ಲೋಕವನ್ನು ನಾನು ಅನ್ವಯ ಮಾಡಿ ಒಪ್ಪಿಸಿದ್ದೆನು. ಗುರುಗಳು ಮೆಚ್ಚಿದ್ದರು. ಕಲಿತದ್ದು ನಾಲಗೆಯಿಂದ ಕೈಗೆ ಇಳಿಯಲಿಕ್ಕೆ ಮೂವತ್ತು ವರ್ಷಗಳು ಸಾಲದಾದವು.

ಸೇತು ಎಂಬ ಶಬ್ದವು ಕಟ್ಟು ಎಂಬ ಅರ್ಥದ ಧಾತುವಿನಿಂದ ಬಂದುದು. ಅಮರಕೋಶದಲ್ಲಿ ಅದಕ್ಕೆ ಆಲಿ, ಅಂದರೆ ಒಡ್ಡು, ಎಂದು ಅರ್ಥ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾಸೇತುವೆಂದರೆ ಹೊಲಗಳ ಮೇರೆಯ ಕಟ್ಟು. ಹಳ್ಳಕ್ಕೆ ಹಾಕುವ ದಾಟೂ ಸೇತುವೇ, ಹೊಲಕ್ಕೆ ಹಾಕುವ ಬದುವೂ ಸೇತುವೇ. ಒಂದು ಕೂಡಿಸುವದು, ಒಂದು ಅಗಲಿಸುವದು. ಬೇವಿನ ಗಿಡದ ಕೆಳಗೆ ತಂದೆಯವರು ಕಲಿಸಿದ ಈ ಒಂದು ಶಬ್ದದ ಎರಡು ಅರ್ಥಗಳಲ್ಲಿ ನಾನು ಬದುವನ್ನು ಆರಿಸಿಕೊಂಡು ದಾಟನ್ನು ಬಿಟ್ಟಿದ್ದೆನು.

ಮರುದಿನವೇ ಉತಾರವನ್ನು ತೆಗೆಯಿಸಿ, ತಕರಾರನ್ನು ಹಿಂದೆಗೆದುಕೊಂಡು, ಒಪ್ಪಿಗೆಯ ಪತ್ರವನ್ನು ಬರೆದುಕೊಟ್ಟೆನು. ಆ ವಾರವೇ ಯಾವದೋ ಕೆಲಸಕ್ಕಾಗಿ ಬಾಗಲಕೋಟೆಗೆ ಹೊರಟಿದ್ದೆನು. ತಾರುಣ್ಯದಲ್ಲಿ ನಾನು ಅದೇ ದಾರಿಯಲ್ಲಿ ಕೊಲ್ಹಾರದ ಹಳೆಯ ಸೇತುವೆಯ ಮೇಲಿಂದ ಕೃಷ್ಣೆಯನ್ನು ದಾಟಿ, ಅಲ್ಲಿಯ ಪ್ರಸಿದ್ಧವಾದ ಮೊಸರನ್ನು ಗಡಿಗೆಯಲ್ಲಿ ಕಟ್ಟಿಸಿಕೊಂಡು ಬಂದವನು. 1964ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಮುಗಿದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಆ ಹಳೆಯ ಊರನ್ನು ನುಂಗಿತು; ಊರು ಮೇಲಕ್ಕೆ ಹೋಯಿತು. ಈಗ ಕೊರ್ತಿಯಿಂದ ಕೊಲ್ಹಾರದವರೆಗೆ ಹೊಸ ಸೇತುವೆಯು ಸುಮಾರು ಮೂರು ಕಿಲೋಮೀಟರು ಉದ್ದವಾಗಿ ನೀರಿನ ಮೇಲೆ ಮಲಗಿದೆ. ಬಸ್ಸು ಅದರ ಮೇಲೆ ಹೋಗುತ್ತಿರಲು ನಾನು ಕಿಡಕಿಯಿಂದ ನೋಡುತ್ತ ಕುಳಿತೆನು. ಆ ನೀರಿನ ಕೆಳಗೆ ನೂರಕ್ಕೂ ಮಿಕ್ಕಿದ ಹಳ್ಳಿಗಳ ಹೊಲ, ಮನೆ, ಗುಡಿ, ಅಡಿಗೆಯ ಒಲೆಗಳಿವೆ. ಅವರ ಮನೆಯ ಮುಂದೆ ಬೇವಿನ ಗಿಡಗಳಿರಲಿಲ್ಲವೆ? ಅದೇ ಕೃಷ್ಣೆಗೆ ಮೇಲುಗಡೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ತಾವೇ ಬುಟ್ಟಿ ಹೊತ್ತು ಬ್ಯಾರೇಜನ್ನು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಕೆಲವರು ಮನೆಯನ್ನು ಕೊಟ್ಟರು, ಕೆಲವರು ಬೆವರನ್ನು ಕೊಟ್ಟರು. ನನ್ನನ್ನು ಕೇಳಿದುದು ಏಳು ಗುಂಟೆ. ಅದೂ ಧರ್ಮಕ್ಕಲ್ಲ, ದುಡ್ಡಿಗೆ.

ಹಣವು ಮರಳಿ ಬರಲು ಮತ್ತೊಂದು ವರ್ಷ ಹಿಡಿಯಿತು; ಸೇತುವೆಯು 2012ರಲ್ಲಿ ಮುಗಿಯಿತು. ಎಂಜಿನಿಯರನು ಹೇಳಿದಂತೆಯೇ ಹನ್ನೊಂದು ಅಡಿಗೆ ಗರಸು ಸಿಕ್ಕಿತು. ಮೂರು ಕಣ್ಣಿನ ಚಿಕ್ಕ ಸೇತುವೆ. ಎರಡೂ ಕಡೆಗೆ ರೆಕ್ಕೆಗೋಡೆಗಳು. ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹಾಸಿ, ವಾರಗಟ್ಟಲೆ ನೀರುಣಿಸುತ್ತಿದ್ದರು. ಅದಕ್ಕೆ ತಕ್ಕ ಬಲವು ಬಂದಿದೆಯೋ ಇಲ್ಲವೋ ಎಂದು ಇಪ್ಪತ್ತೆಂಟನೆಯ ದಿನಕ್ಕೆ ಪರೀಕ್ಷಿಸುವರೆಂದು ಕೇಳಿ, ಮನುಷ್ಯನಿಗೂ ಇಂಥ ಮಿತಿಯಿದ್ದರೆ ಚೆನ್ನಾಗಿತ್ತೆನಿಸಿತು. ಬೇವಿನ ಗಿಡವನ್ನು ಕಡಿಯುವ ದಿನ ನಾನೇ ಮುಂದೆ ನಿಂತಿದ್ದೆನು. ಮಗ್ಗುಲ ಹೊಲದವನು ತಾನಾಗಿ ಬಂದು, ಎರಡು ಬೇವಿನ ಸಸಿಗಳನ್ನು ತನ್ನ ಬದುವಿನ ಮೇಲೆ ನೆಟ್ಟನು. ಅವನೊಡನೆ ಈಗ ತಂಟೆಯಿಲ್ಲ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಳ್ಳ ಬಂದಿದೆಯೆಂದು ಕೇಳಿ ಕೋಲೂರಿಕೊಂಡು ಸೇತುವೆಗೆ ಹೋಗಿ ನಿಂತಿದ್ದೆನು. ಕೆಂಪು ನೀರು ಮೂರೂ ಕಣ್ಣುಗಳಲ್ಲಿ ತುಂಬಿ ಹರಿಯುತ್ತಿತ್ತು. ಎದುರಿಗೆ ಒಬ್ಬ ಹೆಣ್ಣುಮಗಳು ಚಿಕ್ಕ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ತವರಿಗೆ ಮರಳಿ ಬಂದು ತಂದೆಯ ತೋಟವನ್ನು ನೋಡಿಕೊಂಡಿರುವಳೆಂದು ನಾನು ಕೇಳಿದ್ದೆನು.

"ಮಾಸ್ತರ್ರ, ಶರಣ್ರಿ. ಗುರ್ತ ಹತ್ತಿತೇನ್ರಿ?"

"ಹತ್ತಿತವ್ವಾ."

"ಈಕಿ ನನ್ನ ಮಗಳ್ರಿ, ನಾಕನೇ ಇಯತ್ತೆ. ಎಂಥಾ ಮಳಿ ಬಂದ್ರೂ ಸಾಲಿ ತಪ್ಪಸೂದಿಲ್ಲ. ನೀವು ಅರ್ಜಿ ಬರದು ಬರದು ಈ ಬ್ರಿಜ್ಜ ತಂದ್ರಿ ಅಂತ ನಮ್ಮಪ್ಪ ಈಗೂ ಹೇಳ್ತಾನ್ರಿ."

ಹದಿನೈದು ವರ್ಷಗಳಿಂದ ಈ ಹೊಗಳಿಕೆಯನ್ನು ನಾನು ಹಲವರ ಬಾಯಿಂದ ಕೇಳಿ ಸುಮ್ಮನಿದ್ದೆನು. ಅಂದು ಸುಮ್ಮನಿರಲಾಗಲಿಲ್ಲ. ಅಲ್ಲಿಯೇ ನಿಂತು ತಕರಾರಿನ ಅರ್ಜಿ, ಮರಳಿ ಹೋದ ಹಣ, ಒಂದು ವರ್ಷ, ಎಲ್ಲವನ್ನೂ ಹೇಳಿದೆನು. ಸಂಸ್ಕೃತದ ಪದಗಳಾವವೂ ಆಗ ಸಹಾಯಕ್ಕೆ ಬರಲಿಲ್ಲ. ಅವಳು ನೀರನ್ನು ನೋಡುತ್ತ ಕೇಳಿದಳು. ಬಹಳ ಹೊತ್ತಿನ ಮೇಲೆ, "ಗಣಿತ ಒಂದ ಉಳದಿತ್ತರಿ," ಎಂದಳು. ಮತ್ತೇನನ್ನೂ ಅನ್ನಲಿಲ್ಲ. ಮಗಳು ಸಾಲಿಗೆ ಹೊತ್ತಾಯಿತೆಂದು ಸೆರಗು ಜಗ್ಗಿದಳು.

ಹೊರಡುವಾಗ ನಾನು, ಈಗಲೂ ಹೊರಗಿನಿಂದ ಆ ಪರೀಕ್ಷೆಗೆ ಕುಳಿತುಕೊಳ್ಳಲಿಕ್ಕೆ ಬರುವದೆಂದೂ, ಗಣಿತ ಕಲಿಸುವ ನನ್ನ ಗೆಳೆಯರೊಬ್ಬರು ಊರಲ್ಲಿಯೇ ಇರುವರೆಂದೂ, ಫೀಯನ್ನು ನಾನು ತುಂಬುವೆನೆಂದೂ ಹೇಳಿದೆನು. "ಈಗ್ಯಾಕ್ರಿ ಮಾಸ್ತರ್ರ," ಎಂದು ಎರಡು ಹೆಜ್ಜೆ ನಡೆದವಳು, ತಿರುಗಿ, "ಮನ್ಯಾಗ ಕೇಳಿ ನೋಡ್ತೀನ್ರಿ," ಎಂದಳು.

ಅವಳು ಇನ್ನೂ ಬಂದಿಲ್ಲ. ಹತ್ತನೆಯ ಇಯತ್ತೆಯ ಗಣಿತದ ಪುಸ್ತಕವನ್ನು ನಾನು 'ಮಿತಾಕ್ಷರೆ'ಯ ಮಗ್ಗುಲಿಗೆ ತಂದಿಟ್ಟಿರುವೆನು. ಬಂದರೆ ಕೊಡಬೇಕು. ಬಾರದಿದ್ದರೆ ಅದು ಅಲ್ಲಿಯೇ ಇರಲಿ. ನನ್ನ ಕಣ್ಣಿಗೆ ಬೀಳುತ್ತಿರಲಿ.